ಜ್ವರ, ನಿದ್ದೆ, ಬಾಯಿರುಚಿ: ನಿಮಗಿದು ಗೊತ್ತೇ?

ಮಳೆಗಾಲ ಹಿಡಿಯುತ್ತಿದ್ದಂತೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ದವಾಖಾನೆಗಳ ಮುಂದೆ ಪಾಳಿ ಬೆಳೆಯುತ್ತದೆ. ಅಲ್ಲಿ ನಿಂತವರ ಮಾತು ಹೆಚ್ಚುಕಡಿಮೆ ಒಂದೇ: "ಮೈ ಸುಡಾಕತ್ತೈತ್ರಿ, ಬರೇ ಮಲಗಬೇಕ ಅನ್ನಸ್ತೈತಿ, ಬಾಯಿಗೆ ಏನೂ ಸೇರವಲ್ದು." ಈ ಮೂರು ತ್ರಾಸಿಗೆ ಕಾರಣ ಮೂರಲ್ಲ, ಒಂದೇ. ರೋಗಾಣು ಒಳಹೊಕ್ಕ ಸುದ್ದಿ ಸಿಕ್ಕ ಕೂಡಲೇ ನಮ್ಮ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಅವುಗಳಲ್ಲಿ ಮುಖ್ಯವಾದವು ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮತ್ತು ಟಿಎನ್‌ಎಫ್. ಮೈ ಕಾಯಿಸು, ಮಲಗಿಸು, ಊಟ ಬಿಡಿಸು ಎಂದು ಮೆದುಳಿಗೆ ಹೇಳುವವು ಇವೇ. ಅಂದರೆ ಜ್ವರ ತರುವುದು ರೋಗಾಣುವಲ್ಲ, ನಮ್ಮದೇ ದೇಹ.

ರೋಗಾಣು ಜೀವಂತ ಇರದಿದ್ದರೂ ಜ್ವರ ಬರಬಹುದು ಎನ್ನುವುದು ಗೊತ್ತೇ? ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಬೈಲಹೊಂಗಲ ಹತ್ತಿ ಪೇಟೆಗೆ ಹೆಸರಾದ ಊರು. ಹತ್ತಿಯ ಎಲೆ, ತೊಟ್ಟು, ಸಿಪ್ಪೆಗಳ ಮೇಲೆ ಹೊಲದಲ್ಲೇ ಕೆಲವು ಬ್ಯಾಕ್ಟೀರಿಯಾಗಳು ಬೆಳೆದಿರುತ್ತವೆ. ಅವು ಸತ್ತರೂ ಅವುಗಳ ಹೊರಕವಚದ ತುಣುಕು ಉಳಿಯುತ್ತದೆ. ಅದರ ಹೆಸರು ಎಂಡೋಟಾಕ್ಸಿನ್. ಜಿನ್ನಿನಲ್ಲಿ ಅರಳೆ ಬೇರೆ, ಬೀಜ ಬೇರೆ ಆಗುವಾಗ ಏಳುವ ಧೂಳಿನಲ್ಲಿ ಅದೂ ಹಾರಾಡುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಆಳು ದಿನವಿಡೀ ಆ ಧೂಳು ಉಸಿರಾಡಿ ಮನೆಗೆ ಬಂದರೆ ಕೆಲವೇ ತಾಸುಗಳಲ್ಲಿ ಚಳಿ, ಮೈಕೈ ನೋವು, ಜ್ವರ ಕಾಣಿಸಿಕೊಳ್ಳಬಹುದು. ಸೋಂಕು ಎಲ್ಲಿಯೂ ಇಲ್ಲ. ಶ್ವಾಸಕೋಶದ ರಕ್ಷಕ ಕಣಗಳು ಎಂಡೋಟಾಕ್ಸಿನ್ನನ್ನು ಕಂಡು ಬ್ಯಾಕ್ಟೀರಿಯಾವೇ ಬಂತೆಂದು ತಿಳಿದು ಸೈಟೊಕೈನ್ ಸುರಿಸಿಬಿಟ್ಟಿರುತ್ತವೆ. ಹತ್ತಿ ಗಿರಣಿಗಳಿರುವ ಹಲವು ದೇಶಗಳಲ್ಲಿ ವೈದ್ಯರು ಈ ಗಿರಣಿ ಜ್ವರವನ್ನು ದಾಖಲಿಸಿದ್ದಾರೆ.

ಇದರಲ್ಲೇ ಇನ್ನೊಂದು ಸೋಜಿಗ ಇದೆ. ನಾಲ್ಕಾರು ದಿನ ಬಿಡದೆ ಕೆಲಸಕ್ಕೆ ಹೋದರೆ ಈ ಜ್ವರ ತಾನೇ ನಿಲ್ಲುತ್ತದೆ. ಅದೇ ಎಂಡೋಟಾಕ್ಸಿನ್ ಪದೇ ಪದೇ ತಾಗಿದಾಗ ಬಿಳಿ ಕಣಗಳು ಮೊದಲಿನಷ್ಟು ಟಿಎನ್‌ಎಫ್ ಬಿಡುವುದಿಲ್ಲ. ಕೆಲಸಕ್ಕೆ ಕೆಲಕಾಲ ಬಿಡುವು ಕೊಟ್ಟು ಮರಳಿ ಹೋದರೆ ಜ್ವರವೂ ಮರಳುತ್ತದೆ. ಜ್ವರ ನಿಂತಿತೆಂದರೆ ಮೈ ಒಗ್ಗಿತು ಎಂದು ನಂಬುವುದು ಮಾತ್ರ ಅಪಾಯ. ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿದಂತಾಗುವುದು ಬಿಸಿನೋಸಿಸ್ ಎಂಬ ಕಾಯಿಲೆಯ ಮುನ್ಸೂಚನೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ಬಾಯಿಗೆ ಸುತ್ತಿಕೊಂಡ ಟವೆಲ್ಲು ದಪ್ಪ ಧೂಳನ್ನು ತಡೆದೀತು, ಸೂಕ್ಷ್ಮ ಧೂಳನ್ನಲ್ಲ. ಜಿನ್ನಿನ ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸುವುದು ಮಾಲೀಕರ ಕರ್ತವ್ಯ ಎಂದೇ ನನ್ನ ಭಾವನೆ.

ಎಂಡೋಟಾಕ್ಸಿನ್ ಇರುವುದನ್ನು ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ಕಾಲರಾ ರೋಗಾಣುವಿನಲ್ಲಿ ಗುರುತಿಸಿದರು. ಅದನ್ನು ನಮ್ಮ ಕಣಗಳು ಯಾವುದರಿಂದ ಗುರುತಿಸುತ್ತವೆ ಎಂದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1998ರಲ್ಲಿ ಅದನ್ನು ತೋರಿಸಿಕೊಟ್ಟ ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಜ್ವರ ಏರುವಾಗ ಚಳಿ ಏಕೆ? ಮೈ ಕಾಯುತ್ತಿದೆ, ಆದರೂ ಕೌದಿಯ ಮೇಲೆ ಕೌದಿ ಬೇಕು. ಸೈಟೊಕೈನುಗಳು ಮೆದುಳಿನ ರಕ್ತನಾಳಗಳನ್ನು ಮುಟ್ಟಿದಾಗ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಇ-2 ಎಂಬ ವಸ್ತು ತಯಾರಾಗುತ್ತದೆ. ಅದು ಮೈಯ ಬಿಸಿಯನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೊಥಲಾಮಸ್‌ಗೆ ಹೋಗಿ ಮೈಯ ಬಿಸಿಯ ಗುರಿಯನ್ನೇ ಏರಿಸುತ್ತದೆ. ಗುರಿ 98.6 ಡಿಗ್ರಿಯಿಂದ 103ಕ್ಕೆ ಹೋಯಿತು ಅನ್ನಿ. ಮೈ ಇನ್ನೂ 99ರಲ್ಲಿದೆ. ಮೆದುಳಿನ ಲೆಕ್ಕದಲ್ಲಿ ಅದು ನಾಲ್ಕು ಡಿಗ್ರಿ ತಣ್ಣಗಿದೆ. ಆಗ ಚರ್ಮದ ರಕ್ತನಾಳಗಳು ಮುದುಡುತ್ತವೆ. ಹಣೆ ಸುಡುತ್ತಿದ್ದರೂ ಅಂಗೈ, ಅಂಗಾಲು ತಣ್ಣಗಿರುತ್ತವೆ. ಹಲ್ಲು ಕಟಕಟ ಎನ್ನುತ್ತದೆ, ಮಂಚ ಅಲುಗುವಷ್ಟು ನಡುಕ. ಆ ನಡುಕದಿಂದಲೇ ಸ್ನಾಯುಗಳು ಬಿಸಿ ಹುಟ್ಟಿಸುತ್ತವೆ. 103 ಮುಟ್ಟಿದ ಮೇಲೆ ಚಳಿ ನಿಲ್ಲುತ್ತದೆ. ಮುಂದೆ ಗುರಿ ಕೆಳಗಿಳಿದಾಗ ಕೌದಿ ಕಿತ್ತೊಗೆಯುವಷ್ಟು ಸೆಕೆಯಾಗಿ ಬೆವರು ಒಡೆಯುತ್ತದೆ. ಬೆವರಿದ್ದರಿಂದ ಜ್ವರ ಬಿಡುವುದಲ್ಲ, ಜ್ವರ ಬಿಟ್ಟಿದ್ದರಿಂದ ಬೆವರುವುದು. ಚಳಿ ಹತ್ತಿದವರಿಗೆ ತಣ್ಣೀರು ಸುರಿದರೆ ನಡುಕ ಹೆಚ್ಚುತ್ತದೆಯೇ ಹೊರತು ಗುರಿ ಇಳಿಯುವುದಿಲ್ಲ.

ಪ್ಯಾರಾಸಿಟಮಾಲ್ ಗುಳಿಗೆ ರೋಗಾಣುವಿಗೆ ಏನೂ ಮಾಡುವುದಿಲ್ಲ. ಮೆದುಳಿನಲ್ಲಿ ಆ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಗ್ಗಿಸುತ್ತದೆ, ಅಷ್ಟೇ. ಆಸ್ಪಿರಿನ್ ಕೆಲಸ ಮಾಡುವ ದಾರಿಯೂ ಅದೇ ಎಂದು ಜಾನ್ ವೇನ್ 1971ರಲ್ಲಿ ಕಂಡುಹಿಡಿದರು.

ಹಾಗಾದರೆ ಏಪ್ರಿಲ್ ಬಿಸಿಲಲ್ಲಿ ಮೈ ಕಾದು ಬಿದ್ದವರಿಗೆ ಗುಳಿಗೆ ಕೊಟ್ಟರೆ? ಪ್ರಯೋಜನವಿಲ್ಲ. ರಾಮದುರ್ಗ, ಸವದತ್ತಿಯ ಕಡೆ ಬೇಸಿಗೆಯಲ್ಲಿ ಹೊಲದಲ್ಲಿ ಕುಸಿದವರ ಮೈ 104 ದಾಟಿರಬಹುದು, ಆದರೆ ಅದು ಜ್ವರವಲ್ಲ. ಗುರಿ ಏರಿಲ್ಲ, ಬಿಸಿ ಹೊರಹಾಕುವ ಶಕ್ತಿ ಸೋತಿದೆ. ಅಲ್ಲಿ ಬೇಕಾದದ್ದು ನೆರಳು, ಮೈತುಂಬ ನೀರು, ಗಾಳಿ, ತಡಮಾಡದೆ ಆಸ್ಪತ್ರೆ.

ಜ್ವರ ಬರಿಸಿಕೊಂಡರೆ ಲಾಭವೇನು? ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು 1975ರಲ್ಲಿ ಮರುಭೂಮಿಯ ಇಗ್ವಾನಾ ಹಲ್ಲಿಗಳಿಗೆ ಸೋಂಕು ತಗುಲಿಸಿ ಬೇರೆ ಬೇರೆ ಬಿಸಿಯ ಪೆಟ್ಟಿಗೆಗಳಲ್ಲಿಟ್ಟರು. ತಂಪಿನಲ್ಲಿದ್ದವು ಹೆಚ್ಚು ಸತ್ತವು, ಬಿಸಿಯಲ್ಲಿದ್ದವು ಹೆಚ್ಚು ಉಳಿದವು. ಹಲ್ಲಿಗೆ ಒಳಗಿಂದ ಜ್ವರ ಬರಿಸಿಕೊಳ್ಳಲು ಬರುವುದಿಲ್ಲ; ಬಿಟ್ಟರೆ ತಾನೇ ಬಿಸಿ ಜಾಗಕ್ಕೆ ಹರಿದುಹೋಗುತ್ತದೆ. ಜೇನುಹುಳುಗಳಂತೂ ಮರಿಗಳಿಗೆ ಶಿಲೀಂಧ್ರ ತಗುಲಿದಾಗ ಎಲ್ಲ ಸೇರಿ ಗೂಡಿನ ಬಿಸಿಯನ್ನೇ ಏರಿಸುತ್ತವೆ. ಆದರೆ ಜ್ವರ ಪುಕ್ಕಟೆ ಬರುವುದಿಲ್ಲ. ಒಂದು ಸೆಲ್ಸಿಯಸ್ ಡಿಗ್ರಿ ಏರಿದರೆ ದೇಹದ ಖರ್ಚು ನೂರಕ್ಕೆ ಸುಮಾರು 10ರಿಂದ 12ರಷ್ಟು ಹೆಚ್ಚುತ್ತದೆ. ಹೃದ್ರೋಗಿಗಳಿಗೆ, ಗರ್ಭಿಣಿಯರಿಗೆ ಆ ಖರ್ಚು ಭಾರವಾಗಬಹುದು. ಹಾಗಾಗಿ ಅವರು ಜ್ವರವನ್ನು ಸಹಿಸಿಕೊಂಡು ಕೂರಬಾರದು.

ಎತ್ತಿಗೆ ಜ್ವರ ಬಂದದ್ದು ನಮ್ಮ ರೈತರಿಗೆ ಥರ್ಮಾಮೀಟರ್ ಇಲ್ಲದೆ ಹೇಗೆ ತಿಳಿಯುತ್ತದೆ? ಗ್ವಾದಲಿಯಲ್ಲಿ ಹಾಕಿದ ಕಣಿಕೆ ಹಾಗೇ ಉಳಿದಿರುತ್ತದೆ. ಎತ್ತು ಮೆಲುಕು ಹಾಕುವುದಿಲ್ಲ. ಸದಾ ಒದ್ದೆಯಾಗಿರುವ ಮೂಗಿನ ತುದಿ ಒಣಗಿರುತ್ತದೆ. ಕಿವಿ ಜೋತುಬಿದ್ದು, ಕರೆದರೆ ತಲೆ ಎತ್ತದೆ ಮಂಕಾಗಿ ನಿಂತಿರುತ್ತದೆ. ಇದು ರೋಗದ ಮುಂದೆ ದೇಹ ಸೋತದ್ದಲ್ಲ, ದೇಹವೇ ಹೂಡಿದ ಉಪಾಯ ಎಂದು 1988ರಲ್ಲಿ ವಾದಿಸಿದವರು ಬೆಂಜಮಿನ್ ಹಾರ್ಟ್. ಅವರು ಪಶುವೈದ್ಯರು, ಕ್ಯಾಲಿಫೋರ್ನಿಯಾದವರು. ಮೇಯಲು ಅಲೆದಾಡಿದರೆ ಶಕ್ತಿ ಖರ್ಚು, ಬಿಸಿ ಸೋರಿಕೆ. ಮುದುಡಿ ಮಲಗಿದರೆ ಅದೇ ಶಕ್ತಿ ಜ್ವರಕ್ಕೆ ಒದಗುತ್ತದೆ. ದನಕ್ಕೂ ಮನುಷ್ಯನಿಗೂ ಈ ನಡವಳಿಕೆ ಒಂದೇ, ಅದನ್ನು ತರುವ ಸೈಟೊಕೈನುಗಳೂ ಒಂದೇ ಕುಲದವು.

ಊಟ ಬಿಡಿಸುವ ಟಿಎನ್‌ಎಫ್ ಪತ್ತೆಯಾದ ಕಥೆಯಲ್ಲೂ ದನಗಳಿವೆ. ಆಫ್ರಿಕಾದಲ್ಲಿ ಟ್ರಿಪನೊಸೋಮ ಎಂಬ ಪರಾವಲಂಬಿ ತಗುಲಿದ ದನಗಳು ಸೊರಗಿ ಸೊರಗಿ ಸಾಯುತ್ತಿದ್ದವು. ರಕ್ತದಲ್ಲಿ ನೋಡಿದರೆ ಪರಾವಲಂಬಿಗಳು ತೀರ ಕಡಿಮೆ. ಹಾಗಾದರೆ ಸೊರಗಿಸುವುದು ಯಾವುದು ಎಂದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಂಥೊನಿ ಸೆರಾಮಿ ಹುಡುಕಹೊರಟರು. ಸಿಕ್ಕ ವಸ್ತುವಿಗೆ ಕ್ಯಾಕೆಕ್ಟಿನ್ ಎಂದು ಹೆಸರಿಟ್ಟರು. ಗೆಡ್ಡೆಯನ್ನು ಕೊಲ್ಲುತ್ತದೆಂದು ಬೇರೆಯವರು ಕಂಡುಕೊಂಡಿದ್ದ ಟಿಎನ್‌ಎಫ್ ಕೂಡ ಅದೇ ವಸ್ತು ಎಂದು 1985ರಲ್ಲಿ ಸೆರಾಮಿ ಮತ್ತು ಮೇಲೆ ಹೇಳಿದ ಬ್ಯೂಟ್ಲರ್ ತೋರಿಸಿದರು.

"ಬಾಯಿ ಕಹಿ ಆದ್ರೂ ಒಂದೀಟು ಉಣ್ಣು" ಎಂದು ಅವ್ವ ಒತ್ತಾಯ ಮಾಡುವುದು ಸರಿಯೋ ತಪ್ಪೋ? 1979ರಲ್ಲಿ ಸೋಂಕಿತ ಇಲಿಗಳಿಗೆ ಬಲವಂತದಿಂದ ತಿನ್ನಿಸಿದಾಗ ಅವು ಹೆಚ್ಚು ಸತ್ತವು. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದ ರುಸ್ಲಾನ್ ಮೆಜಿಟೋವ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಲಿಸ್ಟೀರಿಯಾ ಬ್ಯಾಕ್ಟೀರಿಯಾ ತಗುಲಿದ ಇಲಿಗಳಿಗೆ ಗ್ಲೂಕೋಸ್ ಮುಳುವಾಯಿತು, ಫ್ಲೂ ವೈರಸ್ ತಗುಲಿದವಕ್ಕೆ ಅದೇ ಗ್ಲೂಕೋಸ್ ನೆರವಾಯಿತು. ಇಲಿಯ ಫಲಿತಾಂಶ ಹಿಡಿದು ಮನುಷ್ಯರನ್ನು ಉಪವಾಸ ಕೆಡವಬಾರದು. ದೊಡ್ಡವರಿಗೆ ಎರಡು ದಿನ ಹಸಿವಾಗದಿದ್ದರೆ ಗಾಬರಿ ಬೇಡ. ನೀರು, ಗಂಜಿ, ತೆಳ್ಳನೆಯ ಅಂಬಲಿ ಸಾಕು. ಕೂಸುಗಳ ಮಾತೇ ಬೇರೆ. ಮೊಲೆಹಾಲು ಯಾವ ಜ್ವರದಲ್ಲೂ ನಿಲ್ಲಿಸಬಾರದು. ಉಣ್ಣುವ ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕು, ಜ್ವರ ಬಿಟ್ಟ ಮೇಲೆ ಒಂದು ಹೊತ್ತು ಹೆಚ್ಚಿಗೆ ಉಣಿಸಬೇಕು.

"ಒಂದ್ ಸಲಾಯಿನ್ ಹಚ್ಚ್ರಿ ಡಾಕ್ಟ್ರ, ತಾಕತ್ತು ಬರ್ತೈತಿ." ಈ ಮಾತು ಕೇಳದ ಡಾಕ್ಟರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ. ಆ ಬಾಟಲಿಯಲ್ಲಿ ಏನಿದೆ ನೋಡೋಣ. 500 ಮಿಲಿಲೀಟರಿನ ನಾರ್ಮಲ್ ಸಲೈನ್‌ನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು, ಕ್ಯಾಲೊರಿ ಸೊನ್ನೆ. ಶೇ 5ರ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲೊರಿ. ಒಂದು ಜೋಳದ ರೊಟ್ಟಿ ಕೊಡುವುದಕ್ಕಿಂತ ಹೆಚ್ಚೇನಲ್ಲ. ಅಶಕ್ತತೆಗೆ ಕಾರಣ ಸೈಟೊಕೈನು, ಅದನ್ನು ಸಲೈನು ತೊಳೆಯುವುದಿಲ್ಲ. ವಾಂತಿ ನಿಲ್ಲದಿದ್ದಾಗ, ಡೆಂಗಿಯಲ್ಲಿ ರಕ್ತನಾಳದಿಂದ ನೀರು ಸೋರುವಾಗ ಅದೇ ಬಾಟಲಿ ಜೀವ ಉಳಿಸುತ್ತದೆ. ಕುಡಿಯಲು ಬರುವವರಿಗೆ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಸಾಕು. ದಿನದ ಕೂಲಿ ಕಳೆದುಕೊಂಡು ಬಂದವರು ಬೇಡದ ಬಾಟಲಿಗೆ ದುಡ್ಡು ತೆರುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಜ್ವರದಲ್ಲಿ ಬರುವ ನಿದ್ದೆಯೂ ಬರೀ ದಣಿವಿನದಲ್ಲ. ನಿದ್ದೆ ತರಿಸುವ ವಸ್ತು ಮೆದುಳಿನಲ್ಲಿ ಕೂಡಿಬೀಳುತ್ತದೆ ಎಂದು 1909ರಲ್ಲಿ ಜಪಾನಿನ ಇಶಿಮೊರಿ, ಹೆಚ್ಚುಕಡಿಮೆ ಅದೇ ಕಾಲಕ್ಕೆ ಫ್ರಾನ್ಸಿನ ಪಿಯೆರೊನ್ ನಾಯಿಗಳ ಮೇಲಿನ ಪ್ರಯೋಗಗಳಿಂದ ಊಹಿಸಿದ್ದರು. 1960ರ ದಶಕದಲ್ಲಿ ಹಾರ್ವರ್ಡ್‌ನ ಜಾನ್ ಪಾಪನ್‌ಹೈಮರ್ ನಿದ್ದೆಗೆಟ್ಟ ಆಡುಗಳ ಮೆದುಳಿನ ದ್ರವದಲ್ಲಿ ಅದನ್ನು ಬೆನ್ನುಹತ್ತಿದರು. ಮುಂದೆ ಅವರೂ ಜೇಮ್ಸ್ ಕ್ರೂಗರ್ ಅವರೂ ಸಾವಿರಾರು ಲೀಟರ್ ಮನುಷ್ಯ ಮೂತ್ರವನ್ನು ಸೋಸಿ 1982ರ ಹೊತ್ತಿಗೆ ಆ ವಸ್ತುವನ್ನು ಗುರುತಿಸಿದರು. ಅದು ಬ್ಯಾಕ್ಟೀರಿಯಾದ ಗೋಡೆಯ ಒಂದು ಚೂರು! ಆ ಚೂರು ನಮ್ಮ ಕಣಗಳಿಂದ ಇಂಟರ್‌ಲ್ಯೂಕಿನ್-1 ಬಿಡಿಸುತ್ತದೆ, ಇಂಟರ್‌ಲ್ಯೂಕಿನ್-1 ನಿದ್ದೆ ತರಿಸುತ್ತದೆ. ತರಿಸುವುದು ಗಾಢ ನಿದ್ದೆಯನ್ನೇ. ಕನಸಿನ ನಿದ್ದೆಯನ್ನು ಕಡಿಮೆ ಮಾಡುತ್ತದೆ. ಇದರಲ್ಲೂ ಒಂದು ಲೆಕ್ಕ ಇದೆ: ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಡಿಲಾಗಿ ನಡುಕ ಹುಟ್ಟುವುದೇ ಇಲ್ಲ, ನಡುಕವಿಲ್ಲದೆ ಜ್ವರ ಏರುವುದು ಕಷ್ಟ.

ರಕ್ತದ ಹಾದಿಯಷ್ಟೇ ಅಲ್ಲ, ಹೊಟ್ಟೆಯಿಂದ ಮೆದುಳಿಗೆ ಹೋಗುವ ವೇಗಸ್ ನರವೂ ಈ ಸುದ್ದಿ ಒಯ್ಯುತ್ತದೆ. ಆ ನರ ಕತ್ತರಿಸಿದ ಇಲಿಗಳಿಗೆ ಇಂಟರ್‌ಲ್ಯೂಕಿನ್-1 ಚುಚ್ಚಿದರೆ ಅವು ಉಳಿದವುಗಳಷ್ಟು ಮಂಕಾಗುವುದಿಲ್ಲ.

ನಿದ್ದೆಗೆಟ್ಟರೆ ನೆಗಡಿ ಹಿಡಿಯುವುದು ನಿಜವೇ? ನಿಜ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 164 ಜನರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಲಾಯಿತು. ಆರು ತಾಸಿಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿಯಾಗುವ ಸಂಭವ ಏಳು ತಾಸಿಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟು ಇತ್ತು. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿ, ರಾತ್ರಿಯಿಡೀ ಎಚ್ಚರವಿದ್ದು ಮರಳಿದವರು ನೆಗಡಿಯಾದರೆ ಗುಡ್ಡದ ಧೂಳನ್ನು, ಮಲಪ್ರಭೆಯ ತಣ್ಣೀರನ್ನು ದೂರುತ್ತಾರೆ. ನಿದ್ದೆಗೆಟ್ಟ ರಾತ್ರಿಗಳ ಪಾಲನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ಲಸಿಕೆಗೂ ಇದೇ ಮಾತು. ದಿನಕ್ಕೆ ನಾಲ್ಕೇ ತಾಸಿನ ನಿದ್ದೆಯಲ್ಲಿ ದಿನ ಕಳೆಯುತ್ತಿದ್ದ ಯುವಕರಿಗೆ ಫ್ಲೂ ಲಸಿಕೆ ಹಾಕಿ ಹತ್ತು ದಿನದ ಮೇಲೆ ನೋಡಿದಾಗ ಪ್ರತಿಕಾಯಗಳು ಸರಿಯಾಗಿ ಮಲಗಿದವರಲ್ಲಿ ಇದ್ದುದರ ಅರ್ಧಕ್ಕಿಂತ ಕಡಿಮೆ ಇದ್ದವು ಎಂದು 2002ರಲ್ಲಿ ಷಿಕಾಗೋದ ಸಂಶೋಧಕರು ಬರೆದರು.

ಲಸಿಕೆಯ ಜ್ವರ ನಮ್ಮ ಭಾಗಕ್ಕೆ ಹಳೆಯ ಪರಿಚಯ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ವಾಲ್ಡೆಮಾರ್ ಹಾಫ್ಕಿನ್ ಕಾಯಿಸಿ ಕೊಂದ ಪ್ಲೇಗು ಬ್ಯಾಕ್ಟೀರಿಯಾಗಳಿಂದ ಲಸಿಕೆ ಮಾಡಿ 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಅವರಿಗೆ ಜ್ವರ ಬಂತು. ಸತ್ತ ಬ್ಯಾಕ್ಟೀರಿಯಾ ಪ್ಲೇಗು ತರಲಾರದು, ಸೈಟೊಕೈನ್ ಮಾತ್ರ ಬಿಡಿಸಬಲ್ಲದು. ಮರುವರ್ಷ ಪ್ಲೇಗು ಹುಬ್ಬಳ್ಳಿ ಧಾರವಾಡಕ್ಕೆ ನುಗ್ಗಿದಾಗ ಅಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಇತ್ತ ಬೆಳಗಾವಿಯ ಟಿಳಕವಾಡಿಯಲ್ಲಿ ಇಂದು ಸಭೆ ಸಮಾರಂಭ ನಡೆಯುವ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಆ ಹೆಸರು ಬಂದದ್ದು ಅಲ್ಲಿ ಕರುಗಳಿಂದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದರಿಂದ.

ಇಂದು ಅಂಗನವಾಡಿಯಲ್ಲಿ ಕೂಸಿಗೆ ಸೂಜಿ ಮಾಡಿಸಿದ ರಾತ್ರಿ ಮೈ ಕಾದರೆ ಅದೂ ಹಾಫ್ಕಿನ್ ಅವರಿಗೆ ಬಂದಂಥದೇ ಜ್ವರ. ಆಶಾ ಕಾರ್ಯಕರ್ತೆ ಹೇಳಿದ ಅಳತೆಯಲ್ಲೇ ಪ್ಯಾರಾಸಿಟಮಾಲ್ ಕೊಡಿ. ಆ ಜ್ವರಕ್ಕೆ ಹೆದರಿ ಮುಂದಿನ ಲಸಿಕೆ ತಪ್ಪಿಸುವುದೇ ನಿಜವಾದ ಅಪಾಯ.

ಜ್ವರ ನೆತ್ತಿಗೇರಿ ಮಗುವಿಗೆ ಸೆಟೆತ ಬಂದಾಗ ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಹೀಗಾಗುವುದುಂಟು. ಹೆಚ್ಚಿನವು ತಾವಾಗಿ ನಿಲ್ಲುತ್ತವೆ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ನಿಂತ ಮೇಲೆಯೂ ಡಾಕ್ಟರಿಗೆ ತೋರಿಸಿ. ಐದು ನಿಮಿಷ ದಾಟಿದರೆ ನಿಲ್ಲುವುದನ್ನು ಕಾಯದೆ ಆಸ್ಪತ್ರೆಗೆ ಓಡಿ.

2006ರ ಚಿಕೂನ್‌ಗುನ್ಯಾ ನೆನಪಿದೆಯೇ? ಆ ವರ್ಷ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಇಡೀ ದೇಶದ ಅರ್ಧಕ್ಕಿಂತ ಹೆಚ್ಚು. ಜ್ವರ ವಾರದೊಳಗೆ ಬಿಟ್ಟರೂ ಕೀಲು ಹಿಡಿದು ತಿಂಗಳುಗಟ್ಟಲೆ ನರಳಿದವರು ಪ್ರತಿ ಹಳ್ಳಿಯಲ್ಲೂ ಇದ್ದರು. ಹಾಗೆ ನೋವು ಉಳಿದವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿರುವುದನ್ನು ಮುಂದೆ ಬೇರೆ ದೇಶದ ಸಂಶೋಧಕರು ಕಂಡರು. ಡೆಂಗಿಯ ಅಪಾಯ ಇನ್ನೊಂದು ಬಗೆಯದು. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೇ ಅಪಾಯ ಶುರುವಾಗುತ್ತದೆ. ಜ್ವರ ಬಿಟ್ಟಿತೆಂದು ಹೊಲಕ್ಕೆ ಹೋಗುವ ದಿನ ಅದಲ್ಲ. ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತ ಕಂಡರೆ ತಡಮಾಡಬೇಡಿ. ಡೆಂಗಿಯ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ.

ಮುದುಕರಿಗೆ ನಂಜೇರಿದರೂ ಮೈ ಕಾಯದಿರಬಹುದು. ವಯಸ್ಸಾದಂತೆ ಜ್ವರ ಏರಿಸುವ ಶಕ್ತಿ ಕುಗ್ಗುತ್ತದೆ. ದಿನಾ ಎರಡು ರೊಟ್ಟಿ ತಿನ್ನುತ್ತಿದ್ದ ಅಜ್ಜ ಇದ್ದಕ್ಕಿದ್ದಂತೆ ತಾಟು ಸರಿಸಿ, ಹಗಲೆಲ್ಲ ಮಲಗಿ, ಮಾತು ತಡವರಿಸಿದರೆ ಥರ್ಮಾಮೀಟರ್ 98 ತೋರಿಸಿದರೂ ಡಾಕ್ಟರಿಗೆ ತೋರಿಸಿ.

ಸಂಜೆಯಾದರೆ ಜ್ವರ ಹೆಚ್ಚುವುದೇಕೆ? ಮೈಯ ಬಿಸಿ ಸಹಜವಾಗಿಯೇ ಸಂಜೆ ಹೆಚ್ಚು. ಸೈಟೊಕೈನುಗಳನ್ನು ಅದುಮಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಇಳಿಹೊತ್ತಿಗೆ ತಗ್ಗುತ್ತದೆ. ಕ್ಷಯರೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲ, ತೂಕ ಇಳಿಯುತ್ತಲೇ ಹೋಗುತ್ತದೆ. ರೋಗಾಣುವನ್ನು ಸುತ್ತುಗಟ್ಟಿ ಹಿಡಿದಿಡಲು ಬೇಕಾದ ಟಿಎನ್‌ಎಫ್ಫೇ ಇಲ್ಲಿ ರೋಗಿಯನ್ನು ಸೊರಗಿಸುವುದೂ ಹೌದು. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಅಡಗಿದ್ದ ಕ್ಷಯ ಕೆಲವೊಮ್ಮೆ ಮೇಲೇಳುವುದು ಇದರಿಂದಲೇ.

ಎರಡು ದಿನದ ಜ್ವರದಲ್ಲಿ ಹಸಿವಿಲ್ಲದಿರುವುದು ಉಪಾಯ, ಎರಡು ತಿಂಗಳು ಹಸಿವಿಲ್ಲದಿರುವುದು ಹಾನಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ಕ್ಷಯರೋಗಿಗಳಿಗೆ ಔಷಧದ ಜೊತೆ ತಿಂಗಳಿಗೆ 10 ಕಿಲೋ ರೇಷನ್ ಕೊಟ್ಟು ನೋಡಿದರು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಅರ್ಧದಷ್ಟು ಮನೆಗಳಲ್ಲಿ ರೋಗಿಯ ಜೊತೆಗಿದ್ದವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಸಿಕ್ಕಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ 39ರಷ್ಟು ಇಳಿಯಿತು. ಫಲಿತಾಂಶ ಹೊರಬಂದದ್ದು 2023ರಲ್ಲಿ. ಕ್ಷಯರೋಗಿಗಳ ಆಹಾರಕ್ಕಾಗಿ ಕೇಂದ್ರ ಸರ್ಕಾರ ಖಾತೆಗೆ ಹಾಕುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಎರಡು ವಾರ ದಾಟಿದ ಕೆಮ್ಮಿನ ಜೊತೆ ಸಂಜೆ ಜ್ವರ ಇದ್ದರೆ ಕಫದ ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಔಷಧವೂ ಉಚಿತ.